ಉತ್ತರವನ್ನು ಓದುವ ಅಧಿಕಾರ ಯಾರದು?

ವಿದ್ಯಾರ್ಥಿಯೊಬ್ಬನು ತನ್ನ ಜಾಲಪುಟದಲ್ಲಿ ಊರಿನ ಹವಾಮಾನವನ್ನು ತೋರಿಸಬೇಕೆಂದು, ಅದನ್ನು ಬೇರೊಂದು ತಾಣದಿಂದ ತರಿಸಲು ಜಾವಾಸ್ಕ್ರಿಪ್ಟ್ ಭಾಷೆಯಲ್ಲಿ ನಾಲ್ಕು ಸಾಲು ಬರೆಯುತ್ತಾನೆ. ಕೋರಿಕೆ ಹೋಗುತ್ತದೆ, ಉತ್ತರವೂ ಬರುತ್ತದೆ. ಆದರೆ ಬ್ರೌಸರ್ ಅದನ್ನು ಅವನ ಸಾಲುಗಳ ಕೈಗೆ ಕೊಡದೆ, ದೋಷಸೂಚನೆಯೊಂದನ್ನು ತೋರಿಸಿ ಸುಮ್ಮನಾಗುತ್ತದೆ. ಬಾಗಿಲಿಗೆ ಬಂದ ಕಾಗದವನ್ನು ತಡೆಹಿಡಿಯಲು ಇದಾರು ಎಂದು ಅವನು ಸಿಡುಕುವುದು ಸಹಜವೇ. ಆದರೂ ಈ ತಡೆಯು ಅವನ ಶತ್ರುವಲ್ಲ, ಕಾವಲುಗಾರ ಎಂಬುದೇ ನಮ್ಮ ಅಭಿಪ್ರಾಯ.

ಜಾವಾಸ್ಕ್ರಿಪ್ಟನ್ನು ನೆಟ್‌ಸ್ಕೇಪ್ ಸಂಸ್ಥೆಯಲ್ಲಿದ್ದ ಬ್ರೆಂಡನ್ ಐಕ್ ಎಂಬವರು 1995ರಲ್ಲಿ ರಚಿಸಿದರು. ಅದರ ಬೆನ್ನಿಗೇ ಆ ಸಂಸ್ಥೆಯ ಬ್ರೌಸರಿನಲ್ಲಿ ಏಕಮೂಲ ನಿಯಮವೂ ಬಂದಿತು. ಪ್ರೋಟೋಕಾಲ್, ತಾಣದ ಹೆಸರು, ಪೋರ್ಟ್ ಸಂಖ್ಯೆ ಈ ಮೂರೂ ಒಂದೇ ಆಗಿದ್ದರೆ ಮಾತ್ರ ಎರಡು ಪುಟಗಳು ಒಂದೇ ಮೂಲದವು. ಒಂದು ಮೂಲದ ಪುಟವು ಇನ್ನೊಂದು ಮೂಲದ ಉತ್ತರವನ್ನು ಸಾಮಾನ್ಯವಾಗಿ ಓದಲಾಗದು.

ಇಷ್ಟು ಬಿಗಿ ಏಕೆ? ನೀವು ಬ್ಯಾಂಕಿನ ತಾಣವನ್ನು ಪ್ರವೇಶಿಸಿದಾಗ, ನಿಮ್ಮ ಗುರುತಿನ ಚೀಟಿಯಂತಹ ಕುಕಿಯೊಂದು ಬ್ರೌಸರಿನಲ್ಲಿ ಉಳಿಯುತ್ತದೆ. ಬಳಿಕ ಯಾವುದೋ ಆಟದ ತಾಣವನ್ನು ತೆರೆಯುತ್ತೀರಿ. ಅಲ್ಲಿನ ಕಪಟ ಸಾಲುಗಳು ಬ್ಯಾಂಕಿಗೆ ಕೋರಿಕೆ ಕಳುಹಿಸಿ, ಕುಕಿಯೂ ಜೊತೆಯಲ್ಲಿ ಹೋದರೆ, ಬ್ಯಾಂಕು ನಿಮಗೆಂದೇ ತಿಳಿದು ಲೆಕ್ಕಪತ್ರವನ್ನು ಕಳುಹಿಸೀತು. ಅದನ್ನು ಆಟದ ತಾಣವು ಓದದಂತೆ ತಡೆಯುವುದು ಈ ನಿಯಮವೇ. ಈಚೆಗೆ ಬ್ರೌಸರುಗಳು ಕುಕಿಗಳ ಸಂಚಾರವನ್ನೂ ಮಿತಗೊಳಿಸುತ್ತಿರುವುದು ನಿಜ. ಆದರೆ ಒಂದು ಬೀಗವಿದೆಯೆಂದು ಇನ್ನೊಂದನ್ನು ಕಿತ್ತೊಗೆಯುವುದು ಜಾಣತನವಲ್ಲ.

ಹಾಗೆಂದು ಮೂಲಗಳ ನಡುವೆ ವಿನಿಮಯವೇ ಕೂಡದೆಂದಲ್ಲ. 2005ರ ಸುಮಾರಿಗೆ ಜೆಸಾನ್‌ಪಿ ಎಂಬ ಉಪಾಯವು ಬಳಕೆಗೆ ಬಂದಿತು. ಬೇರೆ ಮೂಲದ ಸ್ಕ್ರಿಪ್ಟನ್ನು ಪುಟದೊಳಕ್ಕೆ ತರಲು ಅಡ್ಡಿಯಿಲ್ಲದುದರಿಂದ, ಮಾಹಿತಿಗೇ ಸ್ಕ್ರಿಪ್ಟಿನ ವೇಷ ಹಾಕಿಸುವುದು ಅದರ ಮರ್ಮ. ಕಾಗದವನ್ನು ತರಿಸುವ ಬದಲು ಅಪರಿಚಿತನನ್ನೇ ಮನೆಯೊಳಗೆ ಕರೆದು ಬೀಗದ ಕೈ ಕೊಟ್ಟಂತೆ ಅದು! 2014ರಲ್ಲಿ ಡಬ್ಲ್ಯೂ3ಸಿ ಸಂಸ್ಥೆಯು ಮಾನ್ಯಮಾಡಿದ ಸಿ.ಓ.ಆರ್.ಎಸ್. ವಿಧಾನವು ಇದಕ್ಕಿಂತ ಎಷ್ಟೋ ಮೇಲು. ಇದರಲ್ಲಿ ಉತ್ತರ ಕೊಡುವ ಸರ್ವರೇ ಅಕ್ಸೆಸ್-ಕಂಟ್ರೋಲ್-ಅಲೌ-ಆರಿಜಿನ್ ಎಂಬ ಶಿರೋಲೇಖದಲ್ಲಿ, ಇಂಥ ಮೂಲದವರು ಓದಬಹುದೆಂದು ಅನುಮತಿ ಬರೆದು ಕಳುಹಿಸುತ್ತದೆ. ಅನುಮತಿ ಕೊಡತಕ್ಕವನು ಉತ್ತರದ ಒಡೆಯನೇ ಹೊರತು ಕೇಳುವವನಲ್ಲ ಎಂಬ ನ್ಯಾಯವು ಇಲ್ಲಿ ಅಡಗಿದೆ.

ಶೋಚನೀಯವೆಂದರೆ, ಈ ನ್ಯಾಯವನ್ನು ಅರಿಯುವ ಮೊದಲೇ ಅದನ್ನು ಮೀರುವ ಅಡ್ಡದಾರಿಗಳನ್ನು ಅನೇಕರು ಕಲಿಯುತ್ತಾರೆ. ಕೆಲವರು ಬ್ರೌಸರಿನ ರಕ್ಷಣೆಯನ್ನೇ ಆರಿಸಿಡುತ್ತಾರೆ. ಕೆಲವರು ತಮ್ಮ ಸರ್ವರಿನಲ್ಲಿ ಎಲ್ಲರೂ ಓದಬಹುದೆಂಬ ನಕ್ಷತ್ರಚಿಹ್ನೆಯನ್ನು ಹಾಕುತ್ತಾರೆ. ಹವಾಮಾನದಂತಹ ಸಾರ್ವಜನಿಕ ಮಾಹಿತಿಗೆ ಅದು ಯುಕ್ತವೇ. ಆದರೆ ಕುಕಿಯೊಡನೆ ಹೋದ ಕೋರಿಕೆಗೆ ಬ್ರೌಸರ್ ಆ ಚಿಹ್ನೆಯನ್ನು ಒಪ್ಪದು. ಆಗ, ಕೇಳಿದವರ ಹೆಸರನ್ನೆಲ್ಲ ವಿಚಾರಿಸದೆ ಅನುಮತಿಪತ್ರಕ್ಕೆ ಏರಿಸುವ ಸಾಲನ್ನು ಬರೆಯುವವರೂ ಉಂಟು. ಇದಕ್ಕಿಂತ ದೊಡ್ಡ ಅಪಾಯವಿಲ್ಲ. ಏಕೆಂದರೆ ಇಲ್ಲಿ ಬಯಲಾಗುವುದು ಬರೆದವನ ಗುಟ್ಟಲ್ಲ, ಅವನನ್ನು ನಂಬಿದವರ ಗುಟ್ಟು.

ಇನ್ನೊಂದು ಭ್ರಮೆಯನ್ನೂ ಬಿಡಬೇಕು. ಈ ನಿಯಮವು ಮುಖ್ಯವಾಗಿ ಓದುವುದನ್ನು ತಡೆಯುತ್ತದೆ. ಸರಳವಾದ ಕೋರಿಕೆಯು ಸರ್ವರನ್ನು ತಲುಪಿಯೇ ತಲುಪುತ್ತದೆ. ಬ್ರೌಸರಿನ ಹೊರಗಿನ ತಂತ್ರಾಂಶಗಳಿಗಂತೂ ಈ ಕಟ್ಟಳೆಯೇ ಇಲ್ಲ. ಆದಕಾರಣ ಯಾರು ಕೇಳುತ್ತಿದ್ದಾರೆಂದು ಪರೀಕ್ಷಿಸುವ ಹೊಣೆ ಸರ್ವರಿಗೆ ತಪ್ಪಿದ್ದಲ್ಲ.

ಹಾಗಾದರೆ ನಮ್ಮ ವಿದ್ಯಾರ್ಥಿ ಮಾಡಬೇಕಾದುದೇನು? ಸರ್ವರು ತನ್ನದಾದರೆ, ಓದತಕ್ಕ ಮೂಲಗಳನ್ನು ಹೆಸರಿಸಿ ಅನುಮತಿ ಬರೆಯಲಿ. ಪರರದಾದರೆ, ಅವರ ನಿಬಂಧನೆಗಳಿಗೆ ಒಳಪಟ್ಟು, ತನ್ನ ಸರ್ವರಿನ ಮೂಲಕ ಮಾಹಿತಿಯನ್ನು ತರಿಸಿಕೊಳ್ಳಲಿ. ಇದಕ್ಕೆ ಒಂದು ಗಂಟೆ ಹೆಚ್ಚು ಹಿಡಿಯಬಹುದು. ಆದರೆ ಮುಂದೆ ಅವನ ಕೈಗೆ ಬರುವುದು ಹವಾಮಾನದ ವಿವರವಷ್ಟೇ ಅಲ್ಲ. ಜನರ ಹಣದ, ಆರೋಗ್ಯದ ಲೆಕ್ಕಗಳೂ ಬಂದಾವು. ಪರರ ಕಾಗದವನ್ನು ಒಪ್ಪಿಗೆಯಿಲ್ಲದೆ ಓದಬಾರದೆಂಬ ಮರ್ಯಾದೆಯನ್ನು ಇಂದಿನ ಸಣ್ಣ ಕೆಲಸದಲ್ಲಿಯೇ ರೂಢಿಸಿಕೊಳ್ಳುವುದು ಲೇಸು.