ಗೃಹಸ್ಥನ ಯಂತ್ರಜ್ಞಾನ: ಹಳೆಯ ಲಾರಿಯ ಮುಂದಿನ ಗಾಲಿಗಳು

ಎತ್ತಿನ ಗಾಡಿಗೆ ಕಡಾಣಿ ಹೇಗೋ, ಲಾರಿಯ ಮುಂದಿನ ಗಾಲಿಗೆ ಅಚ್ಚಿನ ತುದಿಯ ನಟ್ಟೂ ಅದರ ಸ್ಪ್ಲಿಟ್ ಪಿನ್ನೂ ಹಾಗೆ. ಹಿರಿಯರ ಕಾಲದ ಲಾರಿಯನ್ನು ಉಳಿಸಿಕೊಂಡಿರುವ ಗೃಹಸ್ಥರು ಇದರ ಆರೈಕೆಯನ್ನು ಅರಿತಿರಬೇಕು. 1928ರ ಫೋರ್ಡ್ ಎ.ಎ. ಲಾರಿಯನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ. ಅದರ ಮುಂದಿನ ಗಾಲಿ ಒಂದೊಂದರಲ್ಲಿಯೂ ಓರೆ ಉರುಳೆಗಳ ಬೇರಿಂಗುಗಳು ಎರಡಿರುವುವು.

ಹಿಂದಿನ ಗಾಲಿಗಳಿಗೆ ಅಡ್ಡಗಲ್ಲುಗಳನ್ನಿಟ್ಟು, ಮುಂದಿನ ಅಚ್ಚನ್ನು ಜಾಕಿಯಿಂದ ಎತ್ತಿ, ಗಟ್ಟಿಯಾದ ಮರದ ದಿಮ್ಮಿಗಳ ಮೇಲೆ ಕೂರಿಸತಕ್ಕದ್ದು. ಬರಿಯ ಜಾಕಿಯನ್ನು ನಂಬಕೂಡದು. ಬಳಿಕ ಗಾಲಿಯ ಮೇಲ್ಭಾಗ ಕೆಳಭಾಗಗಳನ್ನು ಹಿಡಿದು ಅಲ್ಲಾಡಿಸಬೇಕು. ಅಲುಗಾಟ ಕಂಡರೆ ಮತ್ತೊಬ್ಬರಿಂದ ಬ್ರೇಕನ್ನು ತುಳಿಸಿ ಪುನಃ ನೋಡಬೇಕು. ಆಗ ನಿಂತರೆ ದೋಷವು ಬೇರಿಂಗಿನದು. ನಿಲ್ಲದಿದ್ದರೆ ಅಚ್ಚಿನ ಕೊನೆಯಲ್ಲಿರುವ ಕಿಂಗ್‌ಪಿನ್ನಿನದು. ಕಿಂಗ್‌ಪಿನ್ನಿನ ಕೆಲಸವನ್ನು ಕುಶಲನಾದ ಮೆಕ್ಯಾನಿಕ್ಕನಿಗೆ ಒಪ್ಪಿಸುವುದು ಲೇಸು.

ಬೇರಿಂಗನ್ನು ಬಿಚ್ಚಿದ ಮೇಲೆ ಸೀಮೆಎಣ್ಣೆಯಲ್ಲಿ ತೊಳೆದು ಒಣಗಿಸಬೇಕು. ಉರುಳೆಗಳು ಗುಳಿಬಿದ್ದಿದ್ದರೆ ಅಥವಾ ಕಾವಿನಿಂದ ನೀಲಿಗಟ್ಟಿದ್ದರೆ, ಅದನ್ನೂ ಗುಂಬದೊಳಗಿನ ಅದರ ಬಳೆಯನ್ನೂ ಒಟ್ಟಿಗೆ ಬದಲಿಸತಕ್ಕದ್ದು. ಹೊಸ ಗ್ರೀಸನ್ನು ಅಂಗೈಯಿಂದ ಒತ್ತಿ, ಉರುಳೆಗಳ ಸಂದುಸಂದಿಗೂ ತುಂಬಬೇಕು. ಗುಂಬವನ್ನೆಲ್ಲ ತುಂಬಿಬಿಟ್ಟರೆ, ಗ್ರೀಸು ಕಾವಿಗೆ ಕರಗಿ ಬ್ರೇಕಿಗೆ ಇಳಿದೀತು.

ಕಡೆಯದಾಗಿ, ಗಾಲಿಯನ್ನು ತಿರುಗಿಸುತ್ತಲೇ ನಟ್ಟನ್ನು ಬಿಗಿಮಾಡಿ, ಪಿನ್ನಿನ ರಂಧ್ರವು ಕೂಡುವವರೆಗೆ ತುಸು ಸಡಿಲಿಸಬೇಕು. ಗಾಲಿಯು ಸರಾಗವಾಗಿ ತಿರುಗಬೇಕು, ಅಲುಗಬಾರದು. ಬಿಗಿ ಅತಿಯಾದರೆ ಬೇರಿಂಗು ಸುಡುವುದು, ಸಡಿಲವಾದರೆ ಸವೆಯುವುದು. ಒಮ್ಮೆ ತೆಗೆದ ಪಿನ್ನನ್ನು ಮತ್ತೆ ಹಾಕಕೂಡದು. ಅಲ್ಪ ಬೆಲೆಯ ಪಿನ್ನನ್ನು ಉಳಿಸಹೋಗಿ ಘಟ್ಟದ ತಿರುವಿನಲ್ಲಿ ಪ್ರಾಣವನ್ನು ಪಣಕ್ಕಿಡುವುದು ಮಿತವ್ಯಯವೆನಿಸದು.