ಮೊದಲು ಅಳತೆ, ಆಮೇಲೆ ಶಸ್ತ್ರ

ದವಡೆ ಓರೆಯಾದ ಮಕ್ಕಳನ್ನು ದೇವಾಪುರ, ಸುರಪುರದ ಕಡೆಯ ತಂದೆತಾಯಂದಿರು ಔಷಧಕ್ಕೆಂದು ನಮ್ಮಂತಹ ವೈದ್ಯರ ಬಳಿ ಕರೆತರುವುದುಂಟು. ಓರೆಯಾಗಿ ಬೆಳೆದ ಎಲುಬನ್ನು ಲೇಪವಾಗಲಿ ಕಷಾಯವಾಗಲಿ ನೇರಗೊಳಿಸದು. ಅದಕ್ಕೆ ಶಸ್ತ್ರಚಿಕಿತ್ಸೆಯೇ ದಾರಿ. ಆದರೆ ಶಸ್ತ್ರಕ್ಕೆ ಮುನ್ನ ಅಳತೆ ಸರಿಯಾಗಿರಬೇಕೆಂಬುದು ನಮ್ಮ ದೃಢವಾದ ಅಭಿಪ್ರಾಯ.

1931ರಿಂದ ರೂಢಿಗೆ ಬಂದ, ಮಗ್ಗುಲಿನಿಂದ ತೆಗೆಯುವ ತಲೆಯ ಎಕ್ಸ್‌ರೇಯಲ್ಲಿ ಎಡ-ಬಲ ದವಡೆಗಳು ಒಂದರ ಮೇಲೊಂದು ಬೀಳುತ್ತವೆ. ಮುಖದ ವಾಲಿಕೆ ಎಷ್ಟೆಂಬುದು ಸ್ಪಷ್ಟವಾಗದು. ಸಿ.ಟಿ. ಸ್ಕ್ಯಾನಿನಿಂದ ಗಣಕದಲ್ಲಿ ರೂಪಿಸಿದ ಮೂರು ಆಯಾಮದ ತಲೆಬುರುಡೆಯಲ್ಲಾದರೋ ಎಲುಬನ್ನು ಎಲ್ಲಿ ಕತ್ತರಿಸಬೇಕು, ಎಷ್ಟು ಮಿಲಿಮೀಟರ್ ಸರಿಸಬೇಕು, ಕೆಳದವಡೆಯ ನರ ಎಲ್ಲಿ ಹಾಯ್ದಿದೆ ಎಂಬುದನ್ನು ಮೊದಲೇ ತಿಳಿಯಬಹುದು. ದೇಹವನ್ನು ಅವರವರ ಬೆರಳಿನಿಂದಲೇ ಅಳೆಯುವ ಕ್ರಮವನ್ನು ಚರಕ, ಸುಶ್ರುತರು ಹೇಳಿದ್ದಾರೆ. ರೋಗಿಯ ಎಡವನ್ನು ಅವನದೇ ಬಲದೊಡನೆ ಹೋಲಿಸುವ ಈ ವಿಧಾನವೂ ಅದೇ ತತ್ತ್ವಕ್ಕೆ ಸಮೀಪವಾದುದು.

ಸ್ಕ್ಯಾನಿನಲ್ಲಿ ವಿಕಿರಣವಿರುವುದರಿಂದ ಕೇವಲ ಹಲ್ಲಿನ ವಕ್ರತೆಗೆ ಅದು ಸಾಮಾನ್ಯವಾಗಿ ಬೇಡ. ಎಲುಬಿನ ಬೆಳವಣಿಗೆ ಮುಗಿಯುವವರೆಗೆ, ಅಂದರೆ ಸುಮಾರು 18 ವರ್ಷದವರೆಗೆ, ಶಸ್ತ್ರಕ್ಕೆ ಅವಸರವೂ ಬೇಡ. ಬಿದ್ದು ಪೆಟ್ಟಾಗಿ ಬಾಯಿ ತೆರೆಯಲಾಗದ ಮಗುವನ್ನು ಮಾತ್ರ ಕಾಯಿಸಬಾರದು.

ಶಸ್ತ್ರಕ್ಕೆ ಮುನ್ನ ತಂತಿ ಹಾಕಿ ಹಲ್ಲು ಹೊಂದಿಸಲು ಅನೇಕರಿಗೆ ವರ್ಷವೇ ಹಿಡಿಯುತ್ತದೆ. ಮಗಳ ಮದುವೆ ಗೊತ್ತಾದ ಮೇಲೆ ಧಾವಿಸುವ ಬದಲು, ಸದ್ಭಕ್ತರು ಕಲಬುರಗಿಯ ದಂತ ಮಹಾವಿದ್ಯಾಲಯಗಳಿಗೆ ಮುಂಚಿತವಾಗಿಯೇ ಹೋಗಿ, ಅಳತೆಯನ್ನು ತೋರಿಸಿ ವಿವರಿಸುವಂತೆ ವೈದ್ಯರನ್ನು ಕೇಳಬೇಕು. ಕೇಳುವುದು ಅವಿನಯವಲ್ಲ.