ಪದಶೋಧದ ಕೀಲಿ ಮತ್ತು ಸಂಶೋಧಕನ ಹೊಣೆ

ಬ್ರೌಸರಿನಲ್ಲಿ ತೆರೆದ ದೀರ್ಘ ಪಠ್ಯದಲ್ಲಿ ಒಂದು ಪದವನ್ನು ಅರಸುವವರಿಗೆ ಕಂಟ್ರೋಲ್ ಹಾಗೂ ಎಫ್ ಕೀಲಿಗಳನ್ನು ಒಟ್ಟಿಗೆ ಒತ್ತುವ ಕ್ರಮವು ಬಹೂಪಯೋಗಿಯಾದುದು. ದಿನಗಟ್ಟಲೆ ಹಿಡಿಯುತ್ತಿದ್ದ ಕೆಲಸ ಕ್ಷಣದಲ್ಲಿ ಮುಗಿಯುತ್ತದೆ. ಆದರೆ ಈ ಶೋಧವು ಅರಿತಿರುವುದು ಅಕ್ಷರಗಳ ಅನುಕ್ರಮವನ್ನೇ ಹೊರತು ವ್ಯಾಕರಣವನ್ನಲ್ಲ. ‘ಕಾಲ’ ಎಂದು ಹುಡುಕಿದರೆ ಆದೇಶಸಂಧಿಯ ‘ಮಳೆಗಾಲ’ ದೊರೆಯದು. ‘ಊರು’ ಎಂದರೆ ‘ಊರಿನಲ್ಲಿ’ ಕಾಣದು. ಯೂನಿಕೋಡ್‌ಗೆ ಪರಿವರ್ತನೆಗೊಳ್ಳದ ಹಳೆಯ ಕಡತಗಳಲ್ಲಿ ಇದ್ದ ಪದವೂ ಸಿಗದು.

ಆದ್ದರಿಂದ ‘ಈ ಕೃತಿಯಲ್ಲಿ ಈ ಪ್ರಯೋಗವಿಲ್ಲ’ ಎಂಬ ನಿರ್ಣಯವನ್ನು ಕೇವಲ ಕೀಲಿಯ ಆಧಾರದಿಂದ ನೀಡುವುದು ಸಾಧುವಲ್ಲ. ವಿಭಕ್ತಿರೂಪ, ಸಂಧಿರೂಪಗಳನ್ನು ಬೇರೆಬೇರೆಯಾಗಿ ಹುಡುಕಿ, ಬಳಿಕ ಪಠ್ಯವನ್ನು ಓದಿಯೇ ತೀರ್ಮಾನಿಸಬೇಕು. ಈ ಎಚ್ಚರವನ್ನು ಮಾರ್ಗದರ್ಶಕರು ಸಂಶೋಧನಾ ವಿಧಾನದ ಪಾಠದಲ್ಲಿಯೇ ಕಲಿಸುವುದು ಅಗತ್ಯ.